ಮಿಸ್ ಡೋರೀನ್ ಕೈಬಿಡಿಸಿದ ಗಣಿತ

ಬೆಳಗಿನ ಐದೂಮುಕ್ಕಾಲು. ಕಾಲೇಜಿನ ವ್ಯಾಯಾಮಶಾಲೆಯ ಬಾಗಿಲಲ್ಲಿ ಆಟಗಾರರ ಓದು ನೋಡಿಕೊಳ್ಳುವ ಡೋರೀನ್ ಟಾಲಿವರ್ ಹೆಸರುಗಳ ಪಟ್ಟಿ ಹಿಡಿದು ನಿಂತಿದ್ದಾರೆ. ಬೆವರು ಒರೆಸಿಕೊಳ್ಳುತ್ತ ಬರುವ ಫುಟ್‌ಬಾಲ್ ಹುಡುಗರು ಅವರನ್ನು ದಾಟಿಯೇ ತಿಂಡಿಗೆ ಹೋಗಬೇಕು. ಒಬ್ಬ ತಲೆ ತಗ್ಗಿಸಿ ಜಾರಿಕೊಳ್ಳಲು ನೋಡುತ್ತಾನೆ.

“ಏನಪ್ಪಾ, ಮುನ್ನೂರು ಪೌಂಡ್ ತೂಕ ಇದ್ಕೊಂಡು ನನ್ ಕಣ್ಣಿಗೆ ಬೀಳಲ್ಲ ಅಂದ್ಕೊಂಡ್ಯಾ? ಎಂಟಕ್ಕೆ ಇತಿಹಾಸದ ಕ್ಲಾಸಿದೆ.”

“ಹೋಗ್ತೀನಿ ಮಿಸ್ ಡೋರೀನ್.”

“ಮುಂದಿನ ಸಾಲಲ್ಲೇ ಕೂರು. ಬಂದು ನೋಡ್ತೀನಿ.”

ನೋಡಿಯೇ ನೋಡುತ್ತಾರೆ. ದಿನಕ್ಕೆ ಹದಿನಾಲ್ಕು ತರಗತಿಗಳ ಬಾಗಿಲ ಗಾಜಿನಲ್ಲಿ ಇಣುಕಿ, ಬಂದವರ ಹೆಸರಿಗೆ ಗುರುತು ಹಾಕುವುದು ಇಪ್ಪತ್ತೊಂಬತ್ತು ವರ್ಷಗಳ ಅಭ್ಯಾಸ. ಮಿಸಿಸಿಪ್ಪಿಯ ನಮ್ಮ ಈ ಊರಿನ ಕ್ರೀಡಾಂಗಣದಲ್ಲಿ ಶನಿವಾರ ಅರವತ್ತು ಸಾವಿರ ಜನ ಕೂಗುತ್ತಾರೆ. ಆ ಹುಡುಗರನ್ನು ಪಾಸು ಮಾಡಿಸಿ ಮೈದಾನಕ್ಕಿಳಿಸುವವರು ಯಾರೆಂದು ಅವರಲ್ಲಿ ಅರವತ್ತು ಜನಕ್ಕೂ ಗೊತ್ತಿಲ್ಲ.

ನನಗೆ ಗೊತ್ತು. ಒಂದು ಕಾಲದಲ್ಲಿ ಅವರ ಕೈಕೆಳಗೆ ಆಟಗಾರರಿಗೆ ಗಣಿತ ಹೇಳಿಕೊಡುತ್ತಿದ್ದೆ. ನೆಲಮಾಳಿಗೆಯ ಕೋಣೆ, ನೋವಿನೆಣ್ಣೆಯ ವಾಸನೆ, ಭಾನುವಾರ ಸಂಜೆ ಅವರು ಮನೆಯಿಂದ ತರುತ್ತಿದ್ದ ಬಿಸಿ ಜೋಳದ ಬ್ರೆಡ್ಡು. ಅದರ ಆಸೆಗೇ ಎಷ್ಟೋ ಹುಡುಗರು ಬೀಜಗಣಿತ ಕಲಿತರು. ಈಗ ಎಲ್ಲ ಕಂಪ್ಯೂಟರಿನಲ್ಲಿ.

ಡೋರೀನ್ ಅವರಿಗೆ ಒಂದು ಕೊರಗಿದೆ. ಆಟದ ಋತುವಿನಲ್ಲಿ ಹುಡುಗನ ಕೈಯಲ್ಲಿ ಹನ್ನೆರಡು ಕ್ರೆಡಿಟ್, ಅಂದರೆ ಮೂರು ಮೂರರಂತೆ ನಾಲ್ಕು ವಿಷಯ, ಇರಲೇಬೇಕು. ಒಂದು ಕಡಿಮೆಯಾದರೂ ಅಂದೇ ಆಟ ಬಂದ್. ಹತ್ತೊಂಬತ್ತು ವರ್ಷದ ಹಿಂದೆ, ಕೊನೆಯ ವರ್ಷದಲ್ಲಿದ್ದ ಡೆಸ್ಮಂಡ್ ಪ್ರೂಯಿಟ್ ಹದಿನೈದು ತೆಗೆದುಕೊಂಡಿದ್ದ. ಗಣಿತದಲ್ಲಿ ನಪಾಸಾದರೆ ಅಂಕಗಳ ಸರಾಸರಿ ಕುಸಿದು ಆಟ ತಪ್ಪುತ್ತಿತ್ತು.

“ಬಿಟ್ಟುಬಿಡು, ಬೇಸಿಗೇಲಿ ಮುಗಿಸಿದ್ರಾಯ್ತು ಅಂದೆ,” ಎನ್ನುತ್ತಾರೆ ಡೋರೀನ್. “ಲೆಕ್ಕ ಸರಿಯಾಗೇ ಇತ್ತು. ಹನ್ನೆರಡು ಉಳೀತು, ಅವನು ಆಡ್ದ. ತಂಡ ಗೆಲ್ತು. ನಾನು ಯೋಚಿಸಿದ್ದು ಶನಿವಾರದ ಆಟದ್ದು, ಅವನ ಬದುಕಿಂದಲ್ಲ.”

ಕೊನೆಯ ಪಂದ್ಯದಲ್ಲಿ ಡೆಸ್ಮಂಡ್‌ನ ಮಂಡಿ ಮುರಿಯಿತು. ವಿದ್ಯಾರ್ಥಿವೇತನ ಮುಗಿದದ್ದೇ ಊರಿಗೆ ಹೋಗಿ ಟೈರ್ ಅಂಗಡಿ ಸೇರಿದ. ಪದವಿಗೆ ಅದೊಂದೇ ವಿಷಯ ಬಾಕಿ. ಡೋರೀನ್ ಪ್ರತಿವರ್ಷ ಆಗಸ್ಟಿನಲ್ಲಿ ಫೋನ್ ಮಾಡಿದರು, ಅವನು ಪ್ರತಿವರ್ಷ ನಕ್ಕ. ಈ ಮೇ ತಿಂಗಳಲ್ಲಿ ಅವರ ನಿವೃತ್ತಿ. ಕಳೆದ ಆಗಸ್ಟಿನಲ್ಲಿ ಅವರು ಇದೇ ಕೊನೆಯ ಸಲ ಕೇಳುತ್ತಿದ್ದೇನೆ ಎಂದಾಗ ಒಪ್ಪಿಕೊಂಡ. ಚಳಿಗಾಲವಿಡೀ ಅಂಗಡಿಯ ಊಟದ ಬಿಡುವಿನಲ್ಲಿ ಓದಿದ.

ಕಳೆದ ಮಂಗಳವಾರ ನಾನು ಅವರ ಕಚೇರಿಯಲ್ಲಿದ್ದಾಗಲೇ ಫೋನ್ ಬಂತು.

“ಮಿಸ್ ಡೋರೀನ್, ಪಾಸಾದೆ. ಸಿ ಗ್ರೇಡ್ ಬಂತು. ಸಿ ಮಾತ್ರ.”

“ಸಾಕು ಕಂದಾ. ಪದವಿಪತ್ರದಲ್ಲಿ ಅದನ್ನೆಲ್ಲ ಬರೆಯಲ್ಲ.”

ಫೋನಿಟ್ಟು ಅವರು ಬಹಳ ಹೊತ್ತು ಅತ್ತರು. ನಾನೂ ಅತ್ತೆ ಎನ್ನಲು ನಾಚಿಕೆಯಿಲ್ಲ.

ನಿವೃತ್ತರಾಗುವವರಿಗೆ ಪದವಿ ಪ್ರದಾನದ ವೇದಿಕೆಯಲ್ಲಿ ಕುರ್ಚಿ ಹಾಕುತ್ತಾರೆ. ಡೋರೀನ್ ಬೇಡವೆಂದಿದ್ದಾರೆ.

“ಅವನ ಹೆಸರು ಕರೆಯುವಾಗ ನಾನು ಅವನ ತಾಯಿ ಪಕ್ಕ ಕೂತಿರಬೇಕು, ಅಷ್ಟೆ. ಗಣಿತ ಬಿಡಿಸಿದ ದಿನ ಆಯಮ್ಮ ಫೋನ್ ಮಾಡಿ ಕೇಳಿದ್ರು, ನನ್ನ ಮಗ ಓದು ಮುಗಿಸ್ತಾನಾ ಅಂತ. ಹೂಂ ಅಂದಿದ್ದೆ.”