ಮೂರ್ತಪ್ಪನ ಸೈಕಲ್ ಚೈನು

ನಮ್ಮಪ್ಪ ಮೂರ್ತಪ್ಪ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷ ಕುಲುಮೆಯ ಮುಂದೆ ನಿಂತವರು. ಮೈಗೆ ಹುಷಾರಿಲ್ಲ ಎಂಬ ಮಾತು ಅವರ ಬಾಯಿಂದ ಬಂದದ್ದನ್ನು ನಾನು ಕೇಳಿಯೇ ಇರಲಿಲ್ಲ. ಜ್ವರದಲ್ಲಿ ಮೈ ಕಾದಿದ್ದರೂ ಇವತ್ತು ಸೆಕೆ ಜಾಸ್ತಿ ಎನ್ನುತ್ತಿದ್ದರು. ಇವರಿಗಿಂತ ಒದೆಯುವ ಎಮ್ಮೆ ವಾಸಿ ಎಂದು ಅಮ್ಮ ಗೊಣಗುತ್ತಿದ್ದಳು. ಅಮ್ಮನ ಮಾತಿಗೆ ನನ್ನದೂ ಒಪ್ಪಿಗೆ ಇತ್ತು.

೧೯೬೨ರ ಏಪ್ರಿಲ್. ನಾನು ಶಿವಮೊಗ್ಗದಲ್ಲಿ ನರ್ಸಿಂಗ್ ಎರಡನೇ ವರ್ಷದಲ್ಲಿದ್ದೆ. ರಜೆಗೆಂದು ರೈಲಿಳಿದು ಮನೆಗೆ ಹೋಗುತ್ತಿದ್ದಾಗ ಸೈಕಲ್ ಶಾಪಿನ ಖಲಂದರ್ ಸಾಬರು ಕೂಗಿ ನಿಲ್ಲಿಸಿದರು. ಮುಖ ಕೆಂಪಾಗಿತ್ತು.

"ಉಮಾ, ನಿಮ್ಮಪ್ಪ ನನ್ನ ಇಜ್ಜತ್ ತೆಗೀತಿದಾರೆ ಕಣಮ್ಮ! ಸೇತುವೆ ಹತ್ರ ಏರಲ್ಲಿ ದಿನಾ ಚೈನ್ ಬೀಳುತ್ತಂತೆ. ಫ್ಯಾಕ್ಟರಿಗೆಲ್ಲ ಸಾರ್ಕೊಂಡು ಬರ್ತಿದಾರೆ. ಹೊಸ ಚೈನ್ ಹಾಕ್ದೆ, ಫ್ರೀವೀಲ್ ಬದಲಾಯಿಸ್ದೆ. ನಾನು ತುಳಿದ್ರೆ ಬೀಳೋದೇ ಇಲ್ಲ!"

"ಯಾವಾಗಿಂದ ಸಾಬ್ರೇ?"

"ದಸರಾ ಆದಾಗಿಂದ. ಆರು ತಿಂಗಳಾಯ್ತು."

ನನಗೆ ನಗು ಬಂತು. ಮರುದಿನ ಅಪ್ಪ ಕೆಲಸಕ್ಕೆ ಹೋಗಿ ಬಂದು ಊಟಕ್ಕೆ ಕೂತಾಗ ಅವರ ಕೈ ನೋಡಿದೆ. ಅಂದು ಕೂಡ ಚೈನು ಬಿದ್ದಿತ್ತಂತೆ. ಉಗುರಿನ ಸಂದಿಯಲ್ಲಿ, ಅಂಗಿಯ ತೋಳಿನಲ್ಲಿ ಎಲ್ಲಿಯೂ ಗ್ರೀಸಿನ ಕಲೆ ಇರಲಿಲ್ಲ. ನನ್ನ ನಗು ನಿಂತಿತು.

ಹಿಂದಿನ ವಾರವಷ್ಟೇ ನಮಗೆ ಪಾಠವಾಗಿತ್ತು. ಮೈಗೆಲ್ಲ ರಕ್ತ ಹಂಚುವ ಹೃದಯಕ್ಕೂ ತನ್ನ ಪಾಲಿನ ರಕ್ತ ಬೇಕು. ಅದನ್ನು ತರುವ ನಾಳಗಳು ಒಳಗೆ ಜಿಡ್ಡುಗಟ್ಟಿ ಕಿರಿದಾದರೆ, ಕೂತಾಗ ಸಾಲುವ ರಕ್ತ ಏರು ಹತ್ತುವಾಗ ಸಾಲದು. ಎದೆ ಹಿಂಡುತ್ತದೆ. ನಿಂತು ಸುಧಾರಿಸಿಕೊಂಡರೆ ನೋವು ಹೋಗುತ್ತದೆ. ಇದು ಆಂಜೈನಾ. ಸುಧಾರಿಸಿಕೊಂಡರೂ ಹೋಗದಿದ್ದರೆ ಒಂದು ಗಳಿಗೆಯೂ ಕಾಯಬಾರದು.

ಬೆಳಿಗ್ಗೆ ಅಪ್ಪನಿಗಿಂತ ಮೊದಲೇ ಹೋಗಿ ಏರಿನಲ್ಲಿ ಮರದ ಮರೆಗೆ ನಿಂತೆ. ತಮ್ಮ ಚೈನಿನ ಪರವಾಗಿ ಖಲಂದರ್ ಸಾಬರೂ ಬಂದರು. ಅಪ್ಪ ಅರ್ಧ ಏರಿಗೆ ಸೈಕಲ್ ಇಳಿದು, ಸ್ಟ್ಯಾಂಡ್ ಹಾಕಿ, ಕುಕ್ಕರಗಾಲಲ್ಲಿ ಕೂತರು. ಚೈನು ಅದರ ಜಾಗದಲ್ಲೇ ಇತ್ತು. ಅಪ್ಪನ ಮುಷ್ಟಿ ಎದೆಯ ನಡುವೆ ಒತ್ತಿಕೊಂಡಿತ್ತು.

"ಯಾ ಅಲ್ಲಾ," ಎಂದರು ಸಾಬರು.

ಓಡಿದೆ. "ಏನಿಲ್ಲ ಮಾರಾಯ್ತಿ, ದಿನಾ ಐದು ನಿಮಿಷಕ್ಕೆ ಹೋಗುತ್ತೆ," ಎಂದರು ಅಪ್ಪ. ನಾನು ಕೈಗಡಿಯಾರ ನೋಡುತ್ತಾ ನಿಂತೆ. ಐದು ನಿಮಿಷವಾಯಿತು. ಎಂಟಾಯಿತು. ಹಣೆಯಿಂದ ಬೆವರು ಇಳಿಯುತ್ತಿತ್ತು, ಎಡಗೈ ಸೋಲುತ್ತಿದೆ ಎಂದರು. ಹತ್ತಾಯಿತು. ಅಷ್ಟರಲ್ಲಿ ಕಾರ್ಖಾನೆಯ ಸೈರನ್ ಕೂಗಿತು, ಅಪ್ಪ ಏಳಲು ಹೋದರು.

"ಕೂತ್ಕೋ! ಎದ್ರೆ ಸಾಯ್ತೀಯ!" ಎಂದು ಕಿರುಚಿದೆ. ಅಪ್ಪನ ಮೇಲೆ ದನಿ ಏರಿಸಿದ್ದು ಅದೇ ಮೊದಲು. ಅವರು ಕೂತರು. ಸಾಬರು ಓಡಿಹೋಗಿ ಜಟಕಾ ತಂದರು, ಇಬ್ಬರೂ ಸೇರಿ ಅಪ್ಪನನ್ನು ಎತ್ತಿ ಮಲಗಿಸಿದೆವು.

ದಾರಿಯುದ್ದಕ್ಕೂ ಅಪ್ಪ ನನ್ನ ಮಣಿಕಟ್ಟು ಬಿಡಲಿಲ್ಲ. "ಇವತ್ತೇ ಮೊದಲು ಅಂತ ಹೇಳು. ಇಲ್ದಿದ್ರೆ ಕುಲುಮೆ ಬಿಡಿಸ್ತಾರೆ. ಕುಲುಮೆ ಇಲ್ದೆ ನಾನ್ಯಾರೇ?"

ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದರು: "ನೋವು ಇವತ್ತೇ ಶುರುವಾಗಿದ್ದಾ?"

ಅಪ್ಪ ನನ್ನನ್ನೇ ನೋಡುತ್ತಿದ್ದರು.

"ಅಲ್ಲ ಸಾರ್. ಆರು ತಿಂಗಳಾಯ್ತು."

ಅಪ್ಪ ನನ್ನ ಕೈ ಬಿಟ್ಟರು.

ಆರು ವಾರ ಹಾಸಿಗೆ, ನಾಲಿಗೆಯ ಕೆಳಗಿಡುವ ಮಾತ್ರೆ, ಆಮೇಲೆ ಸ್ಟೋರಿನ ಬಾಗಿಲಲ್ಲಿ ಕೂತು ಮಾಡುವ ಕೆಲಸ. ಅಪ್ಪ ಬದುಕಿದರು, ನನ್ನ ಜತೆ ಮಾತು ಬಿಟ್ಟರು. ನಾನು ಊರಿಗೆ ಹೋದಾಗ ನನ್ನ ಎದುರೇ ಅಮ್ಮನಿಗೆ, "ಆ ಡಾಕ್ಟರಮ್ಮಂಗೆ ಊಟಕ್ಕೆ ಬಡಿಸು," ಎನ್ನುತ್ತಿದ್ದರು. ಎರಡು ವರ್ಷ ಹೀಗೇ ನಡೆಯಿತು. ನನಗೆ ಸಿಟ್ಟು ಬರುತ್ತಿತ್ತು, ಹಾಸ್ಟೆಲಿಗೆ ಬಂದು ಅಳುತ್ತಿದ್ದೆ.

ಒಂದು ದಿನ ಶಿವಮೊಗ್ಗದಲ್ಲಿ ನಾನು ಡ್ಯೂಟಿಯಲ್ಲಿದ್ದಾಗ ಅಪ್ಪ ವಾರ್ಡಿನ ಬಾಗಿಲಿಗೆ ಬಂದರು. ಕುಲುಮೆಯಲ್ಲಿ ಜತೆಗಿದ್ದ ಜಂಬಣ್ಣನ ರಟ್ಟೆ ಹಿಡಿದಿದ್ದರು. ಜಂಬಣ್ಣ ಕೊಸರಾಡುತ್ತಿದ್ದ.

"ಉಮಾ," ಎಂದರು ಅಪ್ಪ. "ಇವನು ಗ್ಯಾಸು ಅಂತಾನೆ. ಸುಳ್ಳು. ಮೂರು ವಾರ ಆಗಿದೆ, ಬರ್ಕೋ."