ಒಡಪಿನಲ್ಲಿ ಹೇಳಿದ ಹೆಸರು

ತಮ್ಮಾ, ತಂಗೀ, ನನ್ನ ಮೊಮ್ಮಕ್ಕಳೇ, ದೋರನಹಳ್ಳಿಯ ಹೊಲ ನಮಗೆ ಹೇಗೆ ಉಳಿಯಿತು ಎಂದು ನೀವು ಕೇಳಿದಾಗಲೆಲ್ಲ ನಾನು ಎದ್ದು ಅಡುಗೆಮನೆಗೆ ಹೋಗುತ್ತಿದ್ದೆ. ಬಾಯಿಂದ ಹೇಳಲಾಗದ್ದನ್ನು ಬರೆಯುತ್ತಿದ್ದೇನೆ.

ಆ ಹೊಲ ನನ್ನ ಅಪ್ಪ ನನಗೆ ಕೊಟ್ಟದ್ದು. ನನ್ನ ಗಂಡ, ಅಂದರೆ ನಿಮ್ಮ ಮುತ್ಯಾ, ಸುರಪುರದಲ್ಲಿ ಇನ್ನೊಬ್ಬಳ ಜೊತೆ ಮನೆ ಮಾಡಿದ ಮೇಲೆ ನಮ್ಮಲ್ಲಿಗೆ ಬರುವುದು ಅಪರೂಪವಾಗಿತ್ತು. ಒಂದು ದಿನ ಬಂದವರು, "ಕಚೇರಿಗೆಲ್ಲಾ ನೀ ಎಲ್ಲಿ ಅಡ್ಡಾಡ್ತಿ? ನನಗ ಮುಖತ್ಯಾರ ಪತ್ರ ಮಾಡಿಕೊಡು. ಹೊಲದ ಕೆಲಸ ಎಲ್ಲಾ ನಾನ ನೋಡ್ತೀನಿ" ಎಂದರು. ಹೊಲದ ನೆವದಿಂದಾದರೂ ಮನೆಗೆ ಬಂದು ಹೋಗುತ್ತಾರೆಂದು ನನ್ನ ಆಸೆ. ಶಹಾಪುರಕ್ಕೆ ಹೋಗಿ ಸಹಿ ಮಾಡಿದೆ. ಅದರಲ್ಲಿ ಮಾರುವ ಅಧಿಕಾರವೂ ಇತ್ತು. ನನಗೆ ಓದಲು ಬರುತ್ತಿತ್ತು. ಗಂಡನ ಎದುರು ಓದಿದರೆ ಅನುಮಾನಪಟ್ಟಂತಾಗುತ್ತದೆಂದು ಓದಲಿಲ್ಲ.

ಕೆಲವು ತಿಂಗಳ ಮೇಲೆ, ಗೋಗಿಯವರೊಬ್ಬರು ಹೊಲ ಕೊಳ್ಳಲು ನೋಡಿಹೋದರೆಂದು ಪಾಲಿಗೆ ಮಾಡುತ್ತಿದ್ದವನು ಹೇಳಿದ. ಶಹಾಪುರದ ವಕೀಲರ ಬಳಿ ಓಡಿದೆ. ಪತ್ರ ರದ್ದು ಮಾಡಬಹುದು ಎಂದರು. ಮೂಲ ಪತ್ರ ಮುತ್ಯಾನ ಹತ್ತಿರವೇ ಇತ್ತು, ಹೆಸರು ನೋಡಿ ಬರೆಯುವಂತಿರಲಿಲ್ಲ. ಟೈಪ್ ಮಾಡುವ ಹುಡುಗಿ ಕೇಳಿದಳು:

"ಯಾರಿಗಿ ಕೊಟ್ಟಿದ್ರಿ, ಆಯಿ? ಹೆಸರ ಹೇಳ್ರಿ."

"ನಮ್ಮ ಮನಿಯವ್ರಿಗಿ."

"ಹಂಗ ಬರದ್ರ ಊರಾಗಿನ ಗಂಡಸರೆಲ್ಲಾ ಬಂದು ನಿಲ್ತಾರ್ರಿ!"

ಬೆಂಚಿನ ಮೇಲಿದ್ದವರು ನಕ್ಕರು. ನಾನು ಗಂಡನ ಹೆಸರನ್ನು ಮದುವೆ, ಸೀಮಂತಗಳಲ್ಲಿ ಹೆಂಗಸರು ಕಾಡಿದಾಗ, ಪ್ರಾಸ ಕಟ್ಟಿದ ಒಡಪಿನೊಳಗೆ ಸೇರಿಸಿ ಹೇಳಿದವಳೇ ಹೊರತು ಬರಿದೆ ಎಂದೂ ಹೇಳಿರಲಿಲ್ಲ. ಬಾಯಿ ತೆರೆದರೂ ಬರಲಿಲ್ಲ. ಕೊನೆಗೆ ಕಣ್ಣು ಮುಚ್ಚಿ, "ಹಸರ ಸೀರಿ ಉಟ್ಟು ಹೊಸಲಿ ದಾಟೀನಿ" ಎಂದು ಶುರುಮಾಡಿ ಹೆಸರು ಹೇಳಿಬಿಟ್ಟೆ.

ಈ ಸಲ ಯಾರೂ ನಗಲಿಲ್ಲ. ಹುಡುಗಿ ತಲೆ ತಗ್ಗಿಸಿ ಟೈಪ್ ಮಾಡಿದಳು. ನಕ್ಕಿದ್ದರೇ ಚೆನ್ನಾಗಿತ್ತು.

ಸುದ್ದಿ ಸುರಪುರಕ್ಕೂ ಮುಟ್ಟಿತು. ಮುತ್ಯಾ ಬಂದು ಬಾಗಿಲಲ್ಲೇ ನಿಂತು, "ಒಡಪ ಹಾಕಿ ನನ್ನ ಕಿತ್ತಿ ಒಗದಿಯಂತಲ್ಲ, ಭೇಷ್ ಆತು" ಎಂದರು.

"ಒಳಗ ಬರ್ರಿ, ಉಂಡು ಹೋಗ್ರಿ" ಎಂದೆ.

ಚಪ್ಪಲಿ ಬಿಡದೆ ಹೊರಟುಹೋದರು.

ಹೊಲ ಉಳಿಯಿತು. ಮುಂದೆ ನಿಮ್ಮ ಅವ್ವನ ಹೆಸರಿಗೆ ಮಾಡಿಸಿದೆ. ಅದು ತಪ್ಪೆಂದು ನನಗೆ ಅನಿಸಿಲ್ಲ. ಆದರೂ ಮುತ್ಯಾ ತೀರಿಹೋಗಿ ಇಷ್ಟು ದಿನವಾದರೂ, ವಕೀಲರ ಆ ಓಣಿ ಬಂದರೆ ಸೆರಗು ಮುಂದಕ್ಕೆ ಎಳೆದುಕೊಂಡು ನಡೆಯುತ್ತೇನೆ.

ಈ ಹಾಳೆಗಳನ್ನು ಹೊಲದ ಪಹಣಿಯ ಜೊತೆ ಜೋಪಾನವಾಗಿ ಇಟ್ಟುಕೊಳ್ಳಿರಿ. ನಿಮ್ಮ ಅವ್ವನ ಎದುರು ಮಾತ್ರ ಓದಬೇಡಿ. ಅವಳಿಗೆ ಅಪ್ಪನೆಂದರೆ ಜೀವ.