ಸಂಕಷ್ಟಿಯ ದಿನದ ಸಕ್ಕರೆ

ಮುಂಬಯಿ ಅಂಧೇರಿಯ ಈ ಮನೆಗೆ ಸೊಸೆಯಾಗಿ ಬಂದಾಗಿನಿಂದ ನಾನು ಸಂಕಷ್ಟಿ ಬಿಟ್ಟವಳಲ್ಲ. ತಿಂಗಳಿಗೊಮ್ಮೆ ದಿನವಿಡೀ ಉಪವಾಸ, ಚಂದ್ರೋದಯದ ನಂತರ ಗಣಪತಿಗೆ ಕೈಮುಗಿದು ಊಟ. ಮಳೆಗಾಲದಲ್ಲಿ ಚಂದ್ರ ಮೋಡದ ಹಿಂದೆ ಅಡಗಿ ಕೂತರೂ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ತಪ್ಪದೆ ಹುಟ್ಟುತ್ತಾನೆ. ವ್ರತ ಕಲಿಸಿದವರು ಅತ್ತೆ. ವಯಸ್ಸಾದ ಮೇಲೆ ಅವರು ಉಪವಾಸ ಬಿಟ್ಟರು, ಮೇಲ್ವಿಚಾರಣೆ ಬಿಡಲಿಲ್ಲ.

ನಲವತ್ತೈದು ದಾಟಿದ ಮೇಲೆ ನನ್ನ ಮುಟ್ಟು ತನ್ನಿಷ್ಟದ ಹಾದಿ ಹಿಡಿಯಿತು. ತಿಂಗಳುಗಟ್ಟಲೆ ನಾಪತ್ತೆ, ಮತ್ತೆ ಹೇಳದೆ ಕೇಳದೆ ಹಾಜರು. ಲೋಕಲ್ ರೈಲಿನಲ್ಲಿ ನಿಂತಲ್ಲೇ ಮೈಯೆಲ್ಲ ಬೆಂಕಿ. ಅದೇ ಹೊತ್ತಿಗೆ ಗಂಡನ ಹೋಟೆಲಿದ್ದ ಬಿಲ್ಡಿಂಗ್ ಕೆಡವಿ ಹೊಸದು ಕಟ್ಟುವ ಮಾತೆದ್ದು ಮನೆಯಲ್ಲಿ ನಗು ಸತ್ತಿತು. ರಕ್ತದಲ್ಲಿ ಸಕ್ಕರೆ ಏರುತ್ತಿದೆಯೆಂದು ತಿಳಿದಾಗ ಬೆರಳು ಚುಚ್ಚುವ ಮೆಷಿನ್ ಮನೆಗೆ ಬಂತು. ಚಹಾದ ಸಕ್ಕರೆ ಬಿಟ್ಟೆ, ಹೋಟೆಲಿನಿಂದ ಬರುವ ಶೀರಾವನ್ನೂ ಬಿಟ್ಟೆ.

ಒಂದು ಸಂಕಷ್ಟಿಯಂದು ಗಂಡ ಹೋಟೆಲಿನ ಚಿಂತೆಯನ್ನೆಲ್ಲ ನನ್ನ ಮೇಲೆ ಕಾರಿ ಹೊರಟುಹೋದರು. ಮೆಷಿನ್ ತೆಗೆದು ಬೆರಳು ಚುಚ್ಚಿ ನೋಡಿದೆ. ಬೆಳಿಗ್ಗೆಯಿಂದ ಬರೀ ನೀರು ಕುಡಿದಿದ್ದರೂ ಸಕ್ಕರೆ ಊಟ ಮಾಡಿದ ದಿನಕ್ಕಿಂತ ಹೆಚ್ಚು! ಅತ್ತೆ ಕನ್ನಡಕ ಏರಿಸಿದರು.

“ಉಪವಾಸದ ದಿನ ಇಷ್ಟು ಎಲ್ಲಿಂದ ಬರ್ತದೆ? ಬಾಯಿಗೆ ಎಂತಾದ್ರೂ ಹಾಕಿದ್ಯಾ?”

ಇಷ್ಟು ವರ್ಷದ ವ್ರತವೇ ಸುಳ್ಳೆಂದು ಅವರಿಗನ್ನಿಸಿದರೆ ಈ ಮನೆಯಲ್ಲಿ ನನ್ನ ಮಾತಿಗೆ ಇನ್ನೇನು ಬೆಲೆ? ಪಾತ್ರೆ ಕುಕ್ಕಿದೆ. ಸಿಟ್ಟಿನಲ್ಲಿ ಮತ್ತೆ ಚುಚ್ಚಿಕೊಂಡೆ, ಇನ್ನೂ ಏರಿತ್ತು.

ಮರುದಿನ ಡಾಕ್ಟರಮ್ಮನ ಬಳಿಗೆ ಅತ್ತೆಯನ್ನೂ ಎಳೆದುಕೊಂಡು ಹೋದೆ, ಸಾಕ್ಷಿಗೆ. ಆಕೆ ಹಿಂದಿಯಲ್ಲಿ ಬಿಡಿಸಿ ಹೇಳಿದರು: ಹೊಟ್ಟೆ ಖಾಲಿಯಿದ್ದು ಮನಸ್ಸು ಹೆದರಿದರೆ ಲಿವರ್ ತಾನು ಕೂಡಿಟ್ಟ ಸಕ್ಕರೆಯನ್ನು ರಕ್ತಕ್ಕೆ ಬಿಡುತ್ತದೆ. ಮುಟ್ಟು ನಿಲ್ಲುವ ಮುಂಚಿನ ವರ್ಷಗಳಲ್ಲಿ ಹಾರ್ಮೋನುಗಳು ಏರಿಳಿದು, ಆ ಸಕ್ಕರೆಯನ್ನು ಬಳಸಿಕೊಳ್ಳುವುದು ಎಷ್ಟೋ ಹೆಂಗಸರ ದೇಹಕ್ಕೆ ಕಷ್ಟವಾಗುತ್ತದೆ. ಸಕ್ಕರೆ ಏರಿಳಿದರೆ ಸಿಟ್ಟು, ನಿದ್ದೆಗೇಡು. ಅವುಗಳಿಂದ ಮತ್ತೆ ಸಕ್ಕರೆ. ಸದ್ಯಕ್ಕೆ ನನಗೆ ದಿನವಿಡೀ ಉಪವಾಸ ಬೇಡವೆಂದರು.

ರಿಕ್ಷಾದಲ್ಲಿ ಕೂತಾಗ ಗೆದ್ದ ಹಿಗ್ಗು ನನಗೆ ಉಳಿಯಲಿಲ್ಲ. ಹೋಟೆಲಿನ ಗತಿ ತೀರ್ಮಾನವಾಗುವ ಹೊತ್ತಿನಲ್ಲೇ ಗಣಪತಿಯನ್ನು ಎದುರು ಹಾಕಿಕೊಳ್ಳುವುದೇ ಎಂದು ಭಯವಾಯಿತು.

ಮುಂದಿನ ಸಂಕಷ್ಟಿಗೆ ಯಾರಿಗೂ ಹೇಳದೆ ಉಪವಾಸ ಮಾಡುವುದೆಂದೇ ಅಡುಗೆಮನೆಗೆ ಹೋದೆ. ಅತ್ತೆ ಆಗಲೇ ಹೆಸರುಕಾಳಿನ ದೋಸೆ ಹೊಯ್ದು ನನಗೆ ಬಡಿಸಿಟ್ಟಿದ್ದರು. ಅವರ ತಟ್ಟೆ ಕವುಚಿತ್ತು.

“ಇವತ್ತಿನ ಉಪವಾಸ ನಂದು. ಹಾಲು ಹಣ್ಣು ತಗೊಳ್ತೇನೆ, ಹೆದರ್ಬೇಡ. ನೀನು ತಿನ್ನು.”

ಈ ಪ್ರಾಯದಲ್ಲಿ ಬೇಡವೆಂದು ಬೇಡಿಕೊಂಡೆ. ಕೇಳಲಿಲ್ಲ. ತಮಗೂ ಒಂದು ಕಾಲಕ್ಕೆ ಹೀಗೇ ಮೈ ಉರಿಯುತ್ತಿತ್ತಂತೆ, ಕಾರಣವಿಲ್ಲದೆ ರೇಗುತ್ತಿದ್ದರಂತೆ. ಏನೋ ಸೋಕಿದೆಯೆಂದು ಅವರತ್ತೆ ತಾಯಿತ ಕಟ್ಟಿಸಿದ್ದರಂತೆ. ಹೇಳುತ್ತ ಬರಿ ತೋಳನ್ನು ಸವರಿಕೊಂಡರು. ನನಗೆ ಅಳು ಬಂತು, ದೋಸೆ ಮುರಿದೆ.

ಗಣಪತಿ ಕೇಳಿದರೆ ಏನು ಹೇಳಲಿ ಎಂದೆ.

“ನನ್ನ ಹತ್ರ ಕೇಳ್ಲಿ” ಎಂದರು ಅತ್ತೆ.